ಎರಡು ತಿರುವಿನಾಚೆಯ ಶಿಳ್ಳೆ

ಏರು ಹತ್ತುವಾಗೆಲ್ಲ ನನ್ನ ಸಾಬ್ ಕಾರು ಶಿಳ್ಳೆ ಹಾಕುತ್ತಿತ್ತು.
ಕೊಂಡ ದಿನದಿಂದ ಇದ್ದದ್ದು.
ಅದರ ಗುಣವೇ ಹಾಗೆ ಅಂದುಕೊಂಡಿದ್ದೆ,
ಮೂಗಿನಲ್ಲಿ ಮಾತಾಡುವವರಿಗೆ ನಾವು ಒಗ್ಗಿಕೊಳ್ಳುವ ಹಾಗೆ.

ಈ ಸಲ ಬರ್ಚ್ ಮರದ ಎಲೆ ಉದುರುವ ಹೊತ್ತಿಗೆ
ಶಿಳ್ಳೆ ದಪ್ಪವಾಯಿತು. ಬೆನ್ನ ಹಿಂದೆ ಕರಿಹೊಗೆ.
ಹಾಲಿನ ಲಾರಿಯೊಂದು ನನ್ನನ್ನು ಹಿಂದೆ ಹಾಕಿ
ತಪ್ಪಾಯಿತೆಂಬಂತೆ ದೀಪ ಮಿಟುಕಿಸಿತು.

ಇಲ್ಪೊನನ್ನು ಕರೆದೆ. ಮೆಕ್ಯಾನಿಕ್ ಅಲ್ಲ ಅವನು,
ಸಾವೋ ಸೀಮೆಯ ಅಕಾರ್ಡಿಯನ್‌ಗಳಿಗೆಲ್ಲ ತೇಪೆ ಹಾಕುವವನು.
"ತಿದಿ ಯಾವುದಾದರೇನು, ತಿದಿಯೇ," ಅಂದು
ಮೀನಿನ ಉಪ್ಪಿನಕಾಯಿ ಡಬ್ಬದ ಮುಚ್ಚಳದಿಂದ
ಕಾರು ಉಸಿರೆಳೆವ ಬಾಯಿ ಕಟ್ಟಿದ,
ಅದಕ್ಕೊಂದು ತೂತು ಕೊರೆದು ಸೈಕಲ್ ಪಂಪು ಸಿಕ್ಕಿಸಿದ.
ನಾನು ಒತ್ತಿದೆ.
ಅವನು ಗಡ್ಡದ ಬ್ರಷ್ಷಿನಿಂದ ಕೊಳವೆಯುದ್ದಕ್ಕೂ
ನೊರೆ ಬಳಿಯುತ್ತ ಹೋದ.

ಏನಿಲ್ಲ. ಏನಿಲ್ಲ.
ಆಮೇಲೆ ಮೊಣಕೈ ಕೊಳವೆಯ ಅಡಿಯಲ್ಲಿ, ಮೂರನೆಯ ಮಡಿಕೆಯೊಳಗೆ
ಕಪ್ಪೆಯ ಗಂಟಲಿನಂತೆ ಒಂದು ಗುಳ್ಳೆ
ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು.

ಸುಮ್ಮನಿದ್ದಾಗ ಮುಚ್ಚಿಕೊಂಡ ತುಟಿ ಅದು,
ಒತ್ತಡ ಬಂದಾಗ ಮಾತ್ರ ಬಿಡುತ್ತಿತ್ತು.
ಸುತ್ತ ಕಪ್ಪು ಟೇಪು. ಸುಲಿದರೆ ಕೆಳಗೆ
ಇನ್ನೂ ಹಳೆಯ ಟೇಪು, ಅಂಟಿನಲ್ಲಿ
ಯಾರದೋ ಹೆಬ್ಬೆರಳಿನ ಗೆರೆ.
ನನಗಿಂತ ಮುಂಚೆ ಇಬ್ಬರಿಗೆ ಗೊತ್ತಿತ್ತು.

ಹೊಸವು ಬಂದವು, ಸಿಲಿಕೋನಿನವು, ನಾಲ್ಕು ಪದರ, ನೀಲಿ;
ಅಷ್ಟು ನೀಲಿ ನಮ್ಮ ಆಕಾಶ ಜುಲೈಯಲ್ಲೂ ಹಚ್ಚಿಕೊಳ್ಳುವುದಿಲ್ಲ.
ಚಳಿಗೆ ಸೆಟೆದು ಒಂದೂ ಏರಲೊಲ್ಲವು.
ಸೌನಾದ ಮೇಲಿನ ಹಲಗೆಯ ಮೇಲೆ ಒಂದು ತಾಸು ಕೂರಿಸಿದೆವು,
ಬಂದ ನೆಂಟರನ್ನು ಕೂರಿಸಿದ ಹಾಗೆ.
ಹೊರಬಂದವು ಮೆತ್ತಗೆ, ಹೇಳಿದ ಮಾತು ಕೇಳುತ್ತ.
ಹಿಡಿಪಟ್ಟಿ ಹೆಚ್ಚು ಬಿಗಿದರೆ ಕೊಯ್ಯುತ್ತದೆ, ಸಡಿಲ ಬಿಟ್ಟರೆ ಕೊಳವೆ ಹಾರುತ್ತದೆ;
ಇಲ್ಪೊ ತಲೆ ವಾಲಿಸಿ ಕಿವಿಯಿಂದ ಬಿಗಿದ.
ದುಡ್ಡು ಬೇಡವೆಂದ. ಹಳೆಯ ಹಿಡಿಪಟ್ಟಿಗಳನ್ನು
ಜೇಬಿಗೆ ಹಾಕಿಕೊಂಡು ಹೋದ.

ಆಮೇಲೆ ಮುಳ್ಳು, ಎಂದೂ ಕಾಲಿಡದ ಕಿತ್ತಳೆ ಬಣ್ಣದವರೆಗೆ
ಸರಾಗ ಹೋಗಿ ನಿಂತಿತು. ಏರಿನಲ್ಲಿ ಬೆನ್ನು ಸೀಟಿಗೆ ಅಂಟಿತು.
ಸದ್ದಿಲ್ಲ.

ಅದೇ ವಾರ, ರಾತ್ರಿ ಎರಡಕ್ಕೆ, ಕೆರೆಯಾಚೆಯಿಂದ ಕರೆ:
ಕರು ಅಡ್ಡ ಸಿಕ್ಕಿದೆ, ಡಾಕ್ಟರಮ್ಮ, ಬೇಗ.
ಎಂದಿಗಿಂತ ಮೂರು ನಿಮಿಷ ಮೊದಲೇ ನೀರಿನಂಚು ಮುಟ್ಟಿದೆ.
ದೋಣಿ ಆಚೆ ದಡದಲ್ಲಿ.

ಈಗ ತಿಳಿಯಿತು.
ಇಷ್ಟು ವರ್ಷ ಉರ್ಹೊ
ಎರಡು ತಿರುವಿನಾಚೆ ನನ್ನ ಸೋರಿಕೆ ಕೇಳಿಸಿಕೊಂಡೇ
ಹಗ್ಗ ಬಿಚ್ಚುತ್ತಿದ್ದ.
ನಾನು ಬರುವಷ್ಟರಲ್ಲಿ ಅವನು ನಡುನೀರಿನಲ್ಲಿ.
ನನ್ನ ಅದೃಷ್ಟ ಅಂದುಕೊಳ್ಳುತ್ತಿದ್ದೆ.

ಹಾರ್ನ್ ಒತ್ತಿದೆ, ಗಾಳಿ ಅದನ್ನು ಹಿಂದಕ್ಕೆ ತಂದುಕೊಟ್ಟಿತು.
ದೀಪ ಹೊತ್ತಿಸಿ ಆರಿಸಿದೆ. ಹನ್ನೊಂದು ನಿಮಿಷ.
ಬಂದವನು ಕಾರಿನ ಸುತ್ತ ಒಂದು ಸುತ್ತು ಹಾಕಿ ಕೇಳಿದ,
"ಹಳೆಯದನ್ನು ಮಾರಿಬಿಟ್ಟಿರಾ?"

ಕರು ಹೊರಬಂತು, ಉಸಿರಿಲ್ಲದೆ.
ಹುಲ್ಲುಕಡ್ಡಿಯಿಂದ ಮೂಗಿನ ಹೊಳ್ಳೆ ಕೆಣಕಿದೆ.
ಕೆಣಕಿದೆ.
ಸೀನಿತು.
ಎದೆ ಏರಿತು, ಇಳಿಯಿತು; ಆ ಕೊಟ್ಟಿಗೆಯಲ್ಲಿ
ಯಾರೂ ಮಾತಾಡಲಿಲ್ಲ.
ಹನ್ನೊಂದು ನಿಮಿಷದ ಲೆಕ್ಕ ಯಾರಿಗೆ ಒಪ್ಪಿಸಲಿ?

ಈಗ ಹೊರಡುವಾಗ ಉರ್ಹೊಗೆ ಫೋನ್ ಮಾಡುತ್ತೇನೆ.
ಎರಡು ಸಲ ರಿಂಗಾದರೆ ಸಾಕು, ಅವನು ಎತ್ತುವುದಿಲ್ಲ.
ಹಳೆಯ ಕೊಳವೆ ಅವನೇ ಕೇಳಿ ತೆಗೆದುಕೊಂಡ,
ದೋಣಿ ದಡಕ್ಕೆ ತಾಗುವಲ್ಲಿ ಕಟ್ಟಿದ್ದಾನೆ, ಪೆಟ್ಟು ತಡೆಯಲಿ ಅಂತ.
ತಾಗಿದಾಗ ಕಿವಿಗೊಡುತ್ತೇನೆ.
ಶಿಳ್ಳೆಯಿಲ್ಲ.
ಬಿರುಕಿನಿಂದ ಒಂದಿಷ್ಟು ನೀರು ಕಾರುತ್ತದೆ, ಅಷ್ಟೆ.